ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿ: ಪದಗಳ ಅರ್ಥ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರವೇಶದ ಅರ್ಜಿ ತುಂಬುವಾಗ ಎದುರಾಗುವ ಪದಗಳಲ್ಲಿ ಹೆಚ್ಚಿನವು ಪರಿಚಿತವೆಂದೇ ತೋರುತ್ತವೆ. ಕೋರ್ಸ್, ಕ್ರೆಡಿಟ್, ಕೌನ್ಸೆಲಿಂಗ್, ಮಾನ್ಯತೆ, ಆನ್‌ಲೈನ್ ಎಂಬ ಪದಗಳನ್ನು ಕೇಳದವರು ಯಾರೂ ಇಲ್ಲ. ತೊಡಕು ಇರುವುದೂ ಅಲ್ಲಿಯೇ. ಇದೇ ಪದಗಳಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ನಿಯಮಾವಳಿಯಲ್ಲಿ ಒಂದು ಅರ್ಥವಿದೆ, ಶಿಕ್ಷಣಶಾಸ್ತ್ರದಲ್ಲಿ ಇನ್ನೊಂದು ಅರ್ಥವಿದೆ, ಜಾಹೀರಾತಿನಲ್ಲಿ ಮತ್ತೊಂದು ಅರ್ಥವಿದೆ. ಹಣ ಕಟ್ಟುವವರೆಗೆ ಜಾಹೀರಾತಿನ ಅರ್ಥ ಕಣ್ಣಿಗೆ ಬೀಳುತ್ತದೆ. ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ನಿಯಮಾವಳಿಯ ಅರ್ಥವೊಂದೇ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದಲ್ಲಿದ್ದುಕೊಂಡು ಭಾರತದ ವಿಶ್ವವಿದ್ಯಾನಿಲಯಗಳಿಂದ ಪದವಿ ಪಡೆಯಬಯಸುವವರನ್ನು ಗಮನದಲ್ಲಿಟ್ಟು ಕೆಳಗಿನ ಉತ್ತರಗಳನ್ನು ಬರೆಯಲಾಗಿದೆ.

ಅಂಚೆ ಶಿಕ್ಷಣ, ದೂರಶಿಕ್ಷಣ, ಮುಕ್ತ ಶಿಕ್ಷಣ: ಇವೆಲ್ಲ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ ಆಗಿಬಿಟ್ಟಿವೆ. ‘ಕರೆಸ್ಪಾಂಡೆನ್ಸ್‌ನಲ್ಲಿ ಬಿ.ಎ. ಮಾಡಿದೆ’ ಎಂದು ಹೇಳುವವರು ಈ ಮೂರರಲ್ಲಿ ಯಾವುದನ್ನಾದರೂ ಉದ್ದೇಶಿಸಿರಬಹುದು. ಆದರೆ ಈ ಪದಗಳು ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಗತ್ಯಗಳಿಗೆ.

ಭಾರತದಲ್ಲಿ ಅಂಚೆಯ ಮೂಲಕ ಪದವಿ ಪಾಠ ಆರಂಭವಾದದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಇಂಥದೇ ಒಂದು ಸಂಸ್ಥೆಯನ್ನು ತೆರೆಯಿತು. ಅದರ ಕನ್ನಡ ಹೆಸರು ‘ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ’. ತೆರಪು ಎಂದರೆ ಬಿಡುವು, ಎರಡು ಕೆಲಸಗಳ ನಡುವೆ ಸಿಗುವ ಖಾಲಿ ಹೊತ್ತು. ಹಗಲೆಲ್ಲ ದುಡಿದು ರಾತ್ರಿ ಪುಸ್ತಕ ತೆರೆಯುವ ಗುಮಾಸ್ತರ ಮತ್ತು ಶಾಲಾ ಶಿಕ್ಷಕರ ಓದಿಗೆ ಇದಕ್ಕಿಂತ ಒಪ್ಪುವ ಪದ ಇಂದಿಗೂ ಸಿಕ್ಕಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದು ಬಳಕೆಯಿಂದ ಜಾರಿಹೋದದ್ದು ನಷ್ಟವೇ ಸರಿ.

ಅಂಚೆ ಶಿಕ್ಷಣ ಎಂಬ ಪದ ಪಾಠ ತಲುಪುವ ಸಾಧನವನ್ನು ಹೇಳುತ್ತದೆ. ರೇಡಿಯೊ, ದೂರದರ್ಶನ, ಕ್ಯಾಸೆಟ್, ಸಂಪರ್ಕ ತರಗತಿಗಳು ಸೇರಿಕೊಂಡಾಗ ಆ ಹೆಸರು ಸಾಲದೆ ಬಂದು, ‘ದೂರಶಿಕ್ಷಣ’ ಎಂಬ ವಿಶಾಲ ಪದ ರೂಢಿಗೆ ಬಂತು. ‘ಮುಕ್ತ’ ಎಂಬುದು ಸಾಧನವನ್ನೂ ಹೇಳುವುದಿಲ್ಲ, ದೂರವನ್ನೂ ಹೇಳುವುದಿಲ್ಲ. ಬಾಗಿಲು ಯಾರಿಗೆ ತೆರೆದಿದೆ ಎಂಬುದನ್ನು ಹೇಳುತ್ತದೆ. ವಯಸ್ಸು, ಅಂಕ, ಹಾಜರಾತಿ, ಊರು ಮುಂತಾದ ತಡೆಗಳನ್ನು ಸಡಿಲಿಸುವುದು ಅದರ ತಿರುಳು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಯಿತು. ಭಾರತದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಹೈದರಾಬಾದಿನಲ್ಲಿ ಬಂತು, ಅದೀಗ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿನಲ್ಲಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಲ್ಲಿ ಆರಂಭವಾಯಿತು. ಮೈಸೂರಿನ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಮುಕ್ತಗಂಗೋತ್ರಿ ಅದರ ಆವರಣದ ಹೆಸರು, ಕರಾಮುವಿ ಅದರ ಹ್ರಸ್ವನಾಮ.

ಒಂದು ವಿಶ್ವವಿದ್ಯಾನಿಲಯ ದೂರದಿಂದ ಪಾಠ ಹೇಳುತ್ತಲೇ ಪ್ರವೇಶದಲ್ಲಿ ಬಿಗಿಯಾಗಿರಬಹುದು. ಹಾಗಾಗಿ ಯುಜಿಸಿ ಎರಡನ್ನೂ ಜೋಡಿಸಿ ‘ಮುಕ್ತ ಮತ್ತು ದೂರಶಿಕ್ಷಣ’ ಎಂಬ ಜೋಡಿಪದವನ್ನು ಬಳಸುತ್ತದೆ. ಓಡಿಎಲ್ ಎಂಬ ಮೂರಕ್ಷರ ಕಂಡಲ್ಲೆಲ್ಲ ಹೀಗೆ ಓದಿಕೊಳ್ಳಬೇಕು.

‘ಮುಕ್ತ’ ಎಂದ ಮೇಲೆ ಪಿಯುಸಿ ಇಲ್ಲದೆಯೂ ಪದವಿಗೆ ಸೇರಬಹುದೇ?

ಸೇರಲಾಗದು. ಹಿಂದೆ ಕೆಲವು ಮುಕ್ತ ವಿಶ್ವವಿದ್ಯಾನಿಲಯಗಳು ವಯಸ್ಸನ್ನೇ ಅರ್ಹತೆಯೆಂದು ಪರಿಗಣಿಸಿ ಪ್ರವೇಶ ಕೊಟ್ಟದ್ದುಂಟು. ಪದವಿಯ ಮೆಟ್ಟಿಲು ಹತ್ತದೆ ನೇರವಾಗಿ ಮುಕ್ತ ವ್ಯವಸ್ಥೆಯಲ್ಲಿ ಪಡೆದ ಸ್ನಾತಕೋತ್ತರ ಪದವಿಯನ್ನು ಸುಪ್ರೀಂ ಕೋರ್ಟ್ 2009ರಲ್ಲಿ, ಅಣ್ಣಾಮಲೈ ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ಒಪ್ಪಲಿಲ್ಲ. ಈಗ ‘ಮುಕ್ತ’ ಎಂಬುದು ಅಂಕಗಳ ಪೈಪೋಟಿ, ವಯೋಮಿತಿ ಮತ್ತು ದಿನನಿತ್ಯದ ಹಾಜರಾತಿಯಿಂದ ದೊರೆಯುವ ಬಿಡುಗಡೆಯೇ ಹೊರತು ವಿದ್ಯಾರ್ಹತೆಯಿಂದ ದೊರೆಯುವ ಬಿಡುಗಡೆಯಲ್ಲ.

ದೂರಶಿಕ್ಷಣದ ‘ದೂರ’ವನ್ನು ಕಿಲೋಮೀಟರಿನಲ್ಲಿ ಅಳೆಯಬೇಕೇ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೂ ಉಳಿದ ಪದಗಳಿಗೆ ಇದೇ ಬೀಗದಕೈ. ಅಮೆರಿಕದ ಶಿಕ್ಷಣ ಚಿಂತಕ ಮೈಕೇಲ್ ಮೂರ್ ಅವರು ದೂರವೆಂದರೆ ಭೂಪಟದ ದೂರವಲ್ಲ, ಕಲಿಸುವವರ ಮತ್ತು ಕಲಿಯುವವರ ತಿಳಿವಳಿಕೆಯ ನಡುವಿನ ಅಂತರ ಎಂದು ವಿವರಿಸಿದರು. ಸಂವಾದ ಹೆಚ್ಚಿದಷ್ಟೂ ಈ ಅಂತರ ಕುಗ್ಗುತ್ತದೆ. ಪಾಠದ ಚೌಕಟ್ಟು ಬಿಗಿಯಾದಷ್ಟೂ ಹಿಗ್ಗುತ್ತದೆ. ಹಿಗ್ಗಿದ ಕಡೆ ವಿದ್ಯಾರ್ಥಿ ತನ್ನ ಕಾಲ ಮೇಲೆ ತಾನೇ ನಿಂತು ಕಲಿಯಬೇಕಾಗುತ್ತದೆ. ಇನ್ನೂರು ಜನ ಕುಳಿತ ಕಾಲೇಜಿನ ಕೊಠಡಿಯ ಕೊನೆಯ ಬೆಂಚಿನಲ್ಲಿ, ಮೂರು ವರ್ಷ ಒಂದು ಪ್ರಶ್ನೆಯನ್ನೂ ಕೇಳದೆ ಕಳೆದ ವಿದ್ಯಾರ್ಥಿ ಈ ಅರ್ಥದಲ್ಲಿ ದೂರಶಿಕ್ಷಣವನ್ನೇ ಪಡೆದವನು. ಬೀದರಿನಲ್ಲಿ ಕುಳಿತು ಬರೆದ ಅಸೈನ್‌ಮೆಂಟು ಅಂಚಿನ ತುಂಬ ಟಿಪ್ಪಣಿ ಹೊತ್ತು ಮೈಸೂರಿನಿಂದ ಮರಳಿ ಬಂದರೆ, ಆ ಬರಹಗಾರ್ತಿ ತನ್ನ ಅಧ್ಯಾಪಕರಿಗೆ ಹತ್ತಿರದಲ್ಲಿಯೇ ಇದ್ದಾಳೆ. ಪ್ರವೇಶ ಪಡೆಯುವ ಮುನ್ನ ‘ನನ್ನ ಪ್ರಶ್ನೆಗೆ ಉತ್ತರಿಸುವವರು ಯಾರು, ಎಷ್ಟು ದಿನದಲ್ಲಿ’ ಎಂದು ಕೇಳುವುದು ಈ ಕಾರಣಕ್ಕೆ ಸರಿಯಾದ ಕ್ರಮ.

ಆನ್‌ಲೈನ್ ಪದವಿ ಎಂದರೆ ಮೊಬೈಲಿನಲ್ಲಿ ಪಾಠ ನೋಡುವ ದೂರಶಿಕ್ಷಣವೇ?

ನೋಟಕ್ಕೆ ಹೌದು, ನಿಯಮದಲ್ಲಿ ಅಲ್ಲ. 2020ರ ಸೆಪ್ಟೆಂಬರಿನಲ್ಲಿ ಹೊರಬಂದ ಯುಜಿಸಿ ನಿಯಮಾವಳಿ ಎರಡನ್ನೂ ಒಂದೇ ಗೆಜೆಟ್ ಅಧಿಸೂಚನೆಯಲ್ಲಿ ತಂದರೂ ಎರಡು ಪ್ರತ್ಯೇಕ ವಿಧಾನಗಳೆಂದೇ ಪರಿಗಣಿಸುತ್ತದೆ. ಮುಕ್ತ ಮತ್ತು ದೂರಶಿಕ್ಷಣದಲ್ಲಿ ಮುಖ್ಯ ಆಸರೆ ಮುದ್ರಿತ ಅಥವಾ ಡಿಜಿಟಲ್ ಅಧ್ಯಯನ ಸಾಮಗ್ರಿ ಮತ್ತು ಸಹಾಯ ಕೇಂದ್ರಗಳಲ್ಲಿ ನಡೆಯುವ ಮುಖಾಮುಖಿ ತರಗತಿಗಳು. ಆನ್‌ಲೈನ್ ವಿಧಾನದಲ್ಲಿ ಪ್ರವೇಶದಿಂದ ಪಾಠದವರೆಗೆ ಎಲ್ಲವೂ ಅಂತರಜಾಲದ ಮೂಲಕ ನಡೆಯುತ್ತದೆ, ಮತ್ತು ವಿದ್ಯಾರ್ಥಿ ಎಷ್ಟರಮಟ್ಟಿಗೆ ಭಾಗವಹಿಸಿದ್ದಾನೆ ಎಂಬುದನ್ನು ಕಲಿಕಾ ನಿರ್ವಹಣಾ ವ್ಯವಸ್ಥೆ, ಅಂದರೆ ಎಲ್‌ಎಂಎಸ್, ದಾಖಲಿಸುತ್ತ ಹೋಗುತ್ತದೆ.

ಇನ್ನೊಂದು ವ್ಯತ್ಯಾಸ ವ್ಯಾಪ್ತಿಯದು. ರಾಜ್ಯದ ವಿಶ್ವವಿದ್ಯಾನಿಲಯವೊಂದು ದೂರಶಿಕ್ಷಣವನ್ನು ತನ್ನ ಕಾಯಿದೆ ಗುರುತಿಸಿದ ಭೌಗೋಳಿಕ ಗಡಿಯೊಳಗೆ ಮಾತ್ರ ನೀಡಬಹುದು. ಆನ್‌ಲೈನ್ ವಿಧಾನಕ್ಕೆ ಇಂಥ ಗಡಿಯಿಲ್ಲ. ಮುಂಬಯಿಯಲ್ಲಿಯೋ ದುಬೈಯಲ್ಲಿಯೋ ನೆಲೆಸಿರುವ ಕನ್ನಡಿಗರು ತಮ್ಮ ರಾಜ್ಯದ ವಿಶ್ವವಿದ್ಯಾನಿಲಯದಿಂದ ಕನ್ನಡ ಎಂ.ಎ. ಮಾಡಬಯಸಿದರೆ, ಅದು ಆನ್‌ಲೈನ್ ವಿಧಾನಕ್ಕೆ ಅನುಮತಿ ಪಡೆದಿದೆಯೇ ಎಂಬುದನ್ನು ಮೊದಲು ನೋಡಬೇಕು.

ಕೊರೋನಾ ಕಾಲದಲ್ಲಿ ಕಾಲೇಜುಗಳು ನಡೆಸಿದ ಝೂಮ್ ತರಗತಿಗಳು ಆನ್‌ಲೈನ್ ಪದವಿಯಲ್ಲ; ಅವು ಸಾಮಾನ್ಯ ಪದವಿಯ ತುರ್ತು ವ್ಯವಸ್ಥೆ. ಆ ವರ್ಷಗಳ ಅಂಕಪಟ್ಟಿ ಹಿಡಿದು ‘ನಮ್ಮದೂ ಆನ್‌ಲೈನ್ ಡಿಗ್ರಿಯೇ’ ಎಂದು ಅಂಜುವ ಅಗತ್ಯವಿಲ್ಲ.

ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆಯಿದೆ ಎಂದಮೇಲೆ ಅದರ ಎಲ್ಲ ಪದವಿಗಳೂ ಮಾನ್ಯವಲ್ಲವೇ?

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ‘ಮಾನ್ಯತೆ’ ಎಂಬ ಒಂದೇ ಕನ್ನಡ ಪದದೊಳಗೆ ಕನಿಷ್ಠ ಮೂರು ಬೇರೆ ಸಂಗತಿಗಳು ಅಡಗಿವೆ. ಮೊದಲನೆಯದು, ಸಂಸತ್ತಿನ ಅಥವಾ ವಿಧಾನಮಂಡಲದ ಕಾಯಿದೆಯಿಂದ ಸ್ಥಾಪನೆಯಾಗಿ ಯುಜಿಸಿ ಪಟ್ಟಿಯಲ್ಲಿರುವುದು. ಇದು ವಿಶ್ವವಿದ್ಯಾನಿಲಯದ ಅಸ್ತಿತ್ವಕ್ಕೆ ಸಂಬಂಧಿಸಿದ್ದು. ಎರಡನೆಯದು, ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ, ಅಂದರೆ ನ್ಯಾಕ್, ನೀಡುವ ಶ್ರೇಣಿ. ಇದು ಗುಣಮಟ್ಟದ ಅಳತೆ. ಮೂರನೆಯದು, ಯುಜಿಸಿಯ ದೂರಶಿಕ್ಷಣ ಬ್ಯೂರೊ, ಅಂದರೆ ಡಿಇಬಿ, ಇಂತಿಂಥ ಶೈಕ್ಷಣಿಕ ವರ್ಷಕ್ಕೆ, ಇಂತಿಂಥ ಕಾರ್ಯಕ್ರಮಕ್ಕೆ, ಇಂತಿಂಥ ವಿಧಾನದಲ್ಲಿ ಎಂದು ನಮೂದಿಸಿ ಕೊಡುವ ಅನುಮತಿ. ದೂರಶಿಕ್ಷಣದ ವಿದ್ಯಾರ್ಥಿಗೆ ಮುಖ್ಯವಾದದ್ದು ಈ ಮೂರನೆಯದು. ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲೆರಡು.

ಇದರ ಬೆಲೆ ಏನೆಂದು ಕರ್ನಾಟಕದ ಸಾವಿರಾರು ಮನೆಗಳಿಗೆ ಗೊತ್ತು. ಕರಾಮುವಿಯ ದೂರಶಿಕ್ಷಣದ ಮಾನ್ಯತೆ 2012-13ರ ನಂತರ ನವೀಕರಣವಾಗಲಿಲ್ಲ. ರಾಜ್ಯದ ಗಡಿಯಾಚೆ ಸಹಯೋಗಿ ಸಂಸ್ಥೆಗಳ ಮೂಲಕ ಕೋರ್ಸ್ ನಡೆಸಿದ್ದು ಮುಖ್ಯ ಆಕ್ಷೇಪವಾಗಿತ್ತು. ಯುಜಿಸಿ 2015ರ ಜೂನಿನಲ್ಲಿ ಈ ಬಗ್ಗೆ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಮಾನ್ಯತೆ ಮರಳಿ ಬಂದದ್ದು 2018ರಲ್ಲಿ. ವಿಶ್ವವಿದ್ಯಾನಿಲಯ ಶಾಸನಬದ್ಧವಾಗಿ ಆ ಉದ್ದಕ್ಕೂ ಇತ್ತು; ಇಲ್ಲದೆಹೋದದ್ದು ಮೂರನೆಯ ಬಗೆಯ ಮಾನ್ಯತೆ. ಆದ್ದರಿಂದ ಯಾವ ಸಂಸ್ಥೆಯ ಹೆಸರು ಕೇಳಿದರೂ ಡಿಇಬಿ ಜಾಲತಾಣದಲ್ಲಿ ನಾಲ್ಕು ಸಂಗತಿಗಳನ್ನು ಒಟ್ಟಿಗೆ ತಾಳೆ ನೋಡಬೇಕು: ಸಂಸ್ಥೆ, ಕಾರ್ಯಕ್ರಮ, ವಿಧಾನ, ವರ್ಷ. ಮೂರು ಹೊಂದಿ ಒಂದು ಹೊಂದದಿದ್ದರೂ ಅದು ಹೊಂದಿಲ್ಲವೆಂದೇ ಅರ್ಥ.

ಡಿಇಬಿ-ಐಡಿ, ಎಬಿಸಿ, ಅಪಾರ್: ಇಷ್ಟೊಂದು ಸಂಖ್ಯೆಗಳೇಕೆ?

ಎಬಿಸಿ ಎಂಬುದು ಕ್ರೆಡಿಟ್‌ಗಳ ಬ್ಯಾಂಕ್ ಖಾತೆ. ಗಳಿಸಿದ ಕ್ರೆಡಿಟ್‌ಗಳು ವಿದ್ಯಾರ್ಥಿಯ ಹೆಸರಿನಲ್ಲಿ ಜಮೆಯಾಗುತ್ತವೆ. ಗರಿಷ್ಠ ಏಳು ವರ್ಷ ಚಾಲ್ತಿಯಲ್ಲಿರುತ್ತವೆ. ಇದಕ್ಕೆ ಸಂಬಂಧಿಸಿದ ನಿಯಮಾವಳಿ 2021ರದು. ಅಪಾರ್ ಎಂಬುದು ಶಾಲೆಯಿಂದ ವಿಶ್ವವಿದ್ಯಾನಿಲಯದವರೆಗೆ ಒಂದೇ ಇರಬೇಕಾದ ವಿದ್ಯಾರ್ಥಿಯ ಗುರುತಿನ ಸಂಖ್ಯೆ. ಡಿಇಬಿ-ಐಡಿ ದೂರಶಿಕ್ಷಣ ಮತ್ತು ಆನ್‌ಲೈನ್ ವಿದ್ಯಾರ್ಥಿಗಳಿಗೆ ಮಾತ್ರ ಬೇಕಾದದ್ದು. 2024ರ ಸೆಪ್ಟೆಂಬರಿನಿಂದ ಇದಿಲ್ಲದೆ ಪ್ರವೇಶವಿಲ್ಲ. ಇದನ್ನು ವಿದ್ಯಾರ್ಥಿ ಸ್ವತಃ ಸೃಷ್ಟಿಸಿಕೊಳ್ಳಬೇಕು. ‘ನಿಮ್ಮ ಪರವಾಗಿ ನಾವೇ ಮಾಡಿಕೊಡುತ್ತೇವೆ, ಒಟಿಪಿ ಹೇಳಿ’ ಎನ್ನುವವರಿಗೆ ಒಟಿಪಿ ಹೇಳಬೇಡಿ.

‘ಕೋರ್ಸ್’ ಮತ್ತು ‘ಪ್ರೋಗ್ರಾಂ’ ನಡುವೆ ವ್ಯತ್ಯಾಸವಿದೆಯೇ?

ಇದೆ, ಮತ್ತು ಅದು ಕನ್ನಡಿಗರ ರೂಢಿಗೆ ತಿರುಗುಮುರುಗಾಗಿದೆ. ನಾವು ‘ಬಿ.ಕಾಂ. ಕೋರ್ಸ್ ಸೇರಿದೆ’ ಎನ್ನುತ್ತೇವೆ. ನಿಯಮಾವಳಿಯಲ್ಲಿ ಬಿ.ಕಾಂ. ಎಂಬುದು ಪ್ರೋಗ್ರಾಂ, ಅಂದರೆ ಕಾರ್ಯಕ್ರಮ. ಕೋರ್ಸ್ ಎಂದರೆ ಅದರೊಳಗಿನ ಒಂದು ಪತ್ರಿಕೆ, ನಾವು ‘ಸಬ್ಜೆಕ್ಟ್’ ಅಥವಾ ‘ಪೇಪರ್’ ಎನ್ನುವುದು. ಹೀಗಾಗಿ ‘ಒಂದು ಕೋರ್ಸ್‌ಗೆ ಇಂತಿಷ್ಟು ಶುಲ್ಕ’ ಎಂದು ಬರೆದಿದ್ದರೆ ಅದು ಇಡೀ ಪದವಿಯ ಶುಲ್ಕವಲ್ಲದೆ ಒಂದು ಪತ್ರಿಕೆಯ ಶುಲ್ಕವಾಗಿರಬಹುದು.

ಕ್ರೆಡಿಟ್ ಎಂದರೇನು? ಅದು ಅಂಕವೇ?

ಅಂಕವಲ್ಲ, ಹೊರೆಯ ಅಳತೆ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ ಸುಮಾರು 30 ಗಂಟೆಗಳ ಕಲಿಕೆ. ಇದರಲ್ಲಿ ಪಾಠ ಓದುವುದು, ವಿಡಿಯೊ ನೋಡುವುದು, ಸಂಪರ್ಕ ತರಗತಿ, ಅಸೈನ್‌ಮೆಂಟ್ ಬರೆಯುವುದು ಎಲ್ಲವೂ ಸೇರಿವೆ. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ ಬೇಕೆಂದಾಯಿತು. ಸೆಮಿಸ್ಟರಿಗೆ ಇಂಥ ಐದು ಪತ್ರಿಕೆಗಳಿದ್ದರೆ 600 ಗಂಟೆ. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ ಮೂರು ಗಂಟೆಗೂ ಹೆಚ್ಚಾಗುತ್ತದೆ, ಭಾನುವಾರವೂ ಬಿಡುವಿಲ್ಲದೆ. ‘ಕೆಲಸದ ಜೊತೆಗೆ ಸಲೀಸಾಗಿ ಪದವಿ’ ಎಂಬ ಮಾತನ್ನು ನಂಬುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳಿತು. ಪರೀಕ್ಷೆಯಲ್ಲಿ 40 ಅಂಕ ಬಂದರೂ 90 ಬಂದರೂ ಆ ಪತ್ರಿಕೆಗೆ ಸಿಗುವ ಕ್ರೆಡಿಟ್ ನಾಲ್ಕೇ, ಬದಲಾಗುವುದು ಗ್ರೇಡ್.

ಸ್ವಯಂ ಕಲಿಕಾ ಸಾಮಗ್ರಿ ಸಾಮಾನ್ಯ ಪಠ್ಯಪುಸ್ತಕಕ್ಕಿಂತ ಹೇಗೆ ಬೇರೆ?

ಎಸ್‌ಎಲ್‌ಎಂ ಎಂದು ಕರೆಯುವ ಈ ಬಗೆಯ ಪುಸ್ತಕವು ಅಧ್ಯಾಪಕರಿಲ್ಲದ ಕೋಣೆಯಲ್ಲಿ ಅಧ್ಯಾಪಕರ ಕೆಲಸ ಮಾಡಬೇಕಾದ ಪುಸ್ತಕ. ಸ್ವೀಡನ್ನಿನ ದೂರಶಿಕ್ಷಣ ತಜ್ಞ ಬೋರ್ಯೆ ಹೋಲ್ಮ್‌ಬರ್ಗ್ ಇಂಥ ಬರಹ ಓದುಗನೊಂದಿಗೆ ನಡೆಸುವ ಸಂಭಾಷಣೆಯಂತಿರಬೇಕೆಂದು ವಾದಿಸಿದರು. ಆದ್ದರಿಂದಲೇ ಅದರಲ್ಲಿ ಪಾಠಕ್ಕೆ ಪಾಠ ಎನ್ನದೆ ‘ಘಟಕ’ ಎನ್ನುತ್ತಾರೆ, ಕೆಲವು ಘಟಕ ಸೇರಿ ‘ಬ್ಲಾಕ್’. ಆರಂಭದಲ್ಲಿ ಉದ್ದೇಶಗಳು, ನಡುನಡುವೆ ‘ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ’ ಎಂಬ ಪ್ರಶ್ನೆಗಳು, ಅವಕ್ಕೆ ಬರೆಯಲು ಖಾಲಿ ಜಾಗ, ಕೊನೆಗೆ ಉತ್ತರಗಳು. ಆ ಖಾಲಿ ಜಾಗದಲ್ಲಿ ನಿಜವಾಗಿ ಬರೆಯುವವರು ವಿರಳ. ಬಿಟ್ಟರೆ ಪುಸ್ತಕ ಮಾತಾಡುತ್ತದೆ, ನಾವು ಸುಮ್ಮನಿರುತ್ತೇವೆ ಅಷ್ಟೆ. ಇಗ್ನೋದ ಸಾಮಗ್ರಿ ಇ-ಜ್ಞಾನಕೋಶ ಎಂಬ ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಬೇರೆ ವಿಶ್ವವಿದ್ಯಾನಿಲಯಕ್ಕೆ ಸೇರುವವರೂ ಒಮ್ಮೆ ತೆರೆದು ನೋಡಿ ಹೋಲಿಸಬಹುದು.

‘ಕೌನ್ಸೆಲಿಂಗ್’ ಎಂದು ಕರೆದಿದ್ದಾರೆ. ನನಗೆ ಯಾವ ಸಮಸ್ಯೆಯೂ ಇಲ್ಲವಲ್ಲ?

ಇಗ್ನೋದ ಪರಿಭಾಷೆಯಲ್ಲಿ ಕೌನ್ಸೆಲಿಂಗ್ ಎಂದರೆ ಮನೋವೈದ್ಯರ ಸಲಹೆಯಲ್ಲ, ಸೀಟು ಹಂಚಿಕೆಯ ಕೌನ್ಸೆಲಿಂಗೂ ಅಲ್ಲ. ವಿಷಯದ ಅನುಮಾನಗಳನ್ನು ಬಿಡಿಸುವ ತರಗತಿ. ಕರ್ನಾಟಕದಲ್ಲಿ ಇದೇ ‘ಸಂಪರ್ಕ ತರಗತಿ’ ಅಥವಾ ‘ಕಾಂಟ್ಯಾಕ್ಟ್ ಕ್ಲಾಸ್’. ಘಟಕವನ್ನು ಓದಿಕೊಂಡು ಬಂದವರಿಗಾಗಿ ಇದನ್ನು ರೂಪಿಸಿದ್ದಾರೆ. ಓದದೆ ಹೋದರೆ ಏನೂ ದಕ್ಕುವುದಿಲ್ಲ.

ಇದು ನಡೆಯುವ ಜಾಗದ ಅಧಿಕೃತ ಹೆಸರು ಕಲಿಕಾರ್ಥಿ ಸಹಾಯ ಕೇಂದ್ರ. ಇದನ್ನು ಉನ್ನತ ಶಿಕ್ಷಣ ಸಂಸ್ಥೆಯೊಳಗೆ ತೆರೆಯಬೇಕು, ಫ್ರಾಂಚೈಸಿಗೆ ಕೊಡುವಂತಿಲ್ಲ. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಹತ್ತು ವಿಶ್ವವಿದ್ಯಾಲಯಗಳ ಹೆಸರು ಬರೆದ ‘ಸ್ಟಡಿ ಸೆಂಟರ್’ ಫಲಕ ಕಂಡರೆ, ಅದು ಈ ಪದದ ಜಾಹೀರಾತಿನ ಅರ್ಥ ಮಾತ್ರ.

ಅಸೈನ್‌ಮೆಂಟ್, ಟಿಇಇ, ಪ್ರಾಕ್ಟರಿಂಗ್: ಇವುಗಳ ಅರ್ಥವೇನು?

ಅಸೈನ್‌ಮೆಂಟ್ ಆಂತರಿಕ ಮೌಲ್ಯಮಾಪನದ ಭಾಗ. ಇಗ್ನೋದ ಹೆಚ್ಚಿನ ಕಾರ್ಯಕ್ರಮಗಳಲ್ಲಿ ಇದಕ್ಕೆ ಶೇ. 30, ಅವಧಿ ಅಂತ್ಯದ ಪರೀಕ್ಷೆಗೆ, ಅಂದರೆ ಟಿಇಇಗೆ, ಶೇ. 70 ಪಾಲು. ಟಿಇಇ ಜೂನ್ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ಮೂಲದಲ್ಲಿ ಅಸೈನ್‌ಮೆಂಟ್ ಇದ್ದದ್ದು ಅಂಕಕ್ಕಾಗಿ ಅಲ್ಲ, ಅಧ್ಯಾಪಕರ ಟಿಪ್ಪಣಿಗಾಗಿ. ಬರೆದುಕೊಡುವ ಅಂಗಡಿಗಳಿಂದ ಕೊಂಡು ಸಲ್ಲಿಸುವವರು ಅಂಕದ ಜೊತೆ ಆ ಟಿಪ್ಪಣಿಯನ್ನೂ ಕಳೆದುಕೊಳ್ಳುತ್ತಾರೆ. ಪ್ರಾಕ್ಟರಿಂಗ್ ಎಂದರೆ ಮೇಲ್ವಿಚಾರಣೆ. ಆನ್‌ಲೈನ್ ಪದವಿಯ ಪರೀಕ್ಷೆ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ನಡೆಯಬಹುದು, ಇಲ್ಲವೇ ಕ್ಯಾಮೆರಾ ಕಣ್ಗಾವಲಿನಲ್ಲಿ ಮನೆಯಿಂದಲೂ ನಡೆಯಬಹುದು.

ಸಮಕಾಲಿಕ, ಅಸಮಕಾಲಿಕ ಕಲಿಕೆ ಎಂದರೇನು?

ಕಲಿಸುವವರೂ ಕಲಿಯುವವರೂ ಒಂದೇ ಹೊತ್ತಿಗೆ ಕೂಡುವ ನೇರ ತರಗತಿ ಸಮಕಾಲಿಕ. ರೆಕಾರ್ಡ್ ಮಾಡಿಟ್ಟ ಪಾಠವನ್ನು ಅವರವರ ಬಿಡುವಿನಲ್ಲಿ ನೋಡುವುದು ಅಸಮಕಾಲಿಕ. ಪಾಳಿಯ ಮೇಲೆ ದುಡಿಯುವವರು ಇವೆರಡರ ಪ್ರಮಾಣ ಎಷ್ಟೆಂದು ಮೊದಲೇ ಕೇಳಬೇಕು.

ಮೂಕ್ ಮತ್ತು ಸ್ವಯಂ ಒಂದೇ ಆಗಿವೆಯೇ? ಅಲ್ಲಿಯ ಸರ್ಟಿಫಿಕೇಟ್ ಪದವಿಗೆ ಸಮವೇ?

ಮೂಕ್ ಎಂಬುದು ಸಾವಿರಾರು ಜನ ಒಟ್ಟಿಗೆ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸಿನ ಬಗೆ; ಆ ಹೆಸರು 2008ರಲ್ಲಿ ಕೆನಡಾದಲ್ಲಿ ಹುಟ್ಟಿತು. ಕನ್ನಡದ ಕಿವಿಗೆ ಅದು ‘ಮೂಕ’ ಎಂದು ಕೇಳಿಸುವುದು ಆಕಸ್ಮಿಕವಾದರೂ, ಇಂಥ ಕೋರ್ಸುಗಳ ಚರ್ಚಾವೇದಿಕೆಯಲ್ಲಿ ಬಾಯಿ ಬಿಡದ ನಮ್ಮ ವಿದ್ಯಾರ್ಥಿಗಳನ್ನು ನೆನೆದರೆ ಅಷ್ಟೇನೂ ತಪ್ಪಾಗಿ ತೋರದು. ಸ್ವಯಂ ಎಂಬುದು 2017ರ ಜುಲೈಯಲ್ಲಿ ಉದ್ಘಾಟನೆಯಾದ ಭಾರತ ಸರ್ಕಾರದ ವೇದಿಕೆ. ಅದರ ಪ್ರತಿ ಕೋರ್ಸಿಗೂ ನಾಲ್ಕು ಅಂಗಗಳಿರಬೇಕು: ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ, ಚರ್ಚಾವೇದಿಕೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಈಗ ಈ ವೇದಿಕೆಯ ಒಂದು ಭಾಗವೂ ಹೌದು.

ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದವರು ಶುಲ್ಕ ಕಟ್ಟಿ ಮೇಲ್ವಿಚಾರಣೆಯ ಪರೀಕ್ಷೆ ಬರೆಯಬೇಕು. ಆ ಸರ್ಟಿಫಿಕೇಟ್ ತಾನೇ ಪದವಿಯಲ್ಲ. ಆದರೆ ನೀವು ಓದುತ್ತಿರುವ ವಿಶ್ವವಿದ್ಯಾನಿಲಯ ಒಪ್ಪಿದರೆ, ಸ್ವಯಂ ಕುರಿತ ಯುಜಿಸಿಯ 2021ರ ನಿಯಮಾವಳಿಯಂತೆ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಪೂರೈಸಿ ಕ್ರೆಡಿಟ್ ವರ್ಗಾಯಿಸಿಕೊಳ್ಳಬಹುದು. ಕೋರ್ಸ್ ಮುಗಿಸಿದ ಮೇಲೆ ಒಪ್ಪಿಗೆ ಕೇಳಲು ಹೋಗುವುದು ಸಾಮಾನ್ಯ ತಪ್ಪು. ಒಪ್ಪಿಗೆ ಮೊದಲು, ಕೋರ್ಸ್ ಆಮೇಲೆ.

ಯಾವ ವಿಷಯಗಳನ್ನು ಈ ವಿಧಾನಗಳಲ್ಲಿ ಓದಲಾಗದು?

ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ವಾಸ್ತುಶಿಲ್ಪ, ಕಾನೂನು, ಕೃಷಿ ಮುಂತಾದವು ನಿಷಿದ್ಧ, ಪಿಎಚ್.ಡಿ.ಯೂ ಇಲ್ಲ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನ, ಆಹಾರ ಮತ್ತು ಪೋಷಣೆ ಮೊದಲಾದ ಆರೋಗ್ಯ ಸಂಬಂಧಿ ವಿಷಯಗಳೂ ಈ ಪಟ್ಟಿಗೆ ಸೇರಿವೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು 2001ರಿಂದ 2005ರವರೆಗೆ ಪ್ರವೇಶ ಕೊಟ್ಟು ದೂರಶಿಕ್ಷಣದಲ್ಲಿ ನೀಡಿದ ಎಂಜಿನಿಯರಿಂಗ್ ಪದವಿಗಳನ್ನು ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ಅಮಾನತಿನಲ್ಲಿಟ್ಟು, ಆ ಪದವೀಧರರು ಮತ್ತೆ ಪರೀಕ್ಷೆ ಎದುರಿಸಬೇಕೆಂದಿತು.

ಕಾಲೇಜಿನಲ್ಲಿ ಓದುತ್ತಲೇ ದೂರಶಿಕ್ಷಣದಲ್ಲಿ ಇನ್ನೊಂದು ಪದವಿ ಮಾಡಬಹುದೇ?

2022ರ ಏಪ್ರಿಲಿನ ಯುಜಿಸಿ ಮಾರ್ಗಸೂಚಿಯಂತೆ ಮಾಡಬಹುದು: ಒಂದು ತರಗತಿಯ ಪದವಿ ಮತ್ತು ಒಂದು ದೂರಶಿಕ್ಷಣದ ಅಥವಾ ಆನ್‌ಲೈನ್ ಪದವಿ, ಇಲ್ಲವೇ ಎರಡೂ ದೂರಶಿಕ್ಷಣ ಅಥವಾ ಆನ್‌ಲೈನ್. ಪಿಎಚ್.ಡಿ.ಗೆ ಇದು ಅನ್ವಯಿಸದು. ಪರೀಕ್ಷೆಯ ದಿನಾಂಕಗಳು ಒಂದರ ಮೇಲೊಂದು ಬಿದ್ದರೆ ಹೊಂದಿಸಿಕೊಳ್ಳುವ ಹೊಣೆ ವಿದ್ಯಾರ್ಥಿಯದು.

ಅಂಕಪಟ್ಟಿಯಲ್ಲಿ ‘ದೂರಶಿಕ್ಷಣ’ ಎಂದು ಬರೆದಿರುತ್ತದೆಯೇ? ಕೆಲಸಕ್ಕೆ ತೊಂದರೆಯಾಗದೇ?

ಬರೆದಿರುತ್ತದೆ, ಹಿಂಬದಿಯಲ್ಲಿ. 2020ರ ನಿಯಮಾವಳಿಯಂತೆ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರದ ಹಿಂಬದಿಯಲ್ಲಿ ಕಲಿಕೆಯ ವಿಧಾನ, ಪ್ರವೇಶದ ಮತ್ತು ಮುಗಿಸಿದ ದಿನಾಂಕ, ದೂರಶಿಕ್ಷಣವಾದರೆ ಸಹಾಯ ಕೇಂದ್ರದ ಹೆಸರು ಮತ್ತು ವಿಳಾಸ, ಪರೀಕ್ಷಾ ಕೇಂದ್ರದ ವಿವರ ಇರಬೇಕು. ಅದೇ ನಿಯಮಾವಳಿ, ಅನುಮತಿಯಿದ್ದ ಸಂಸ್ಥೆಯಿಂದ ಹೀಗೆ ಪಡೆದ ಪದವಿಯು ತರಗತಿಯಲ್ಲಿ ಓದಿ ಪಡೆದ ಅದೇ ಪದವಿಗೆ ಸಮಾನವೆಂದೂ ಹೇಳುತ್ತದೆ. ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದ್ದರಿಂದ ಹಿಂಬದಿಯ ಆ ಸಾಲುಗಳನ್ನು ಕಂಡು ಹಿಂಜರಿಯಬೇಕಾಗಿಲ್ಲ. ಪ್ರವೇಶದ ದಿನಾಂಕವೂ ಸಹಾಯ ಕೇಂದ್ರದ ಹೆಸರೂ ಡಿಇಬಿ ಪಟ್ಟಿಯೊಂದಿಗೆ ತಾಳೆಯಾಗುತ್ತವೆಯೇ ಎಂದು ಪರಿಶೀಲಿಸಿ, ಎರಡೂ ಬದಿಯ ನಕಲು ತೆಗೆಸಿ ಅರ್ಜಿಗೆ ಲಗತ್ತಿಸಿದರಾಯಿತು.